ಮೊದಲು ಪತ್ರ, ಆಮೇಲೆ ಫೋನ್

ಸ್ಕಾಲವೀಕ್, ಫೆರೋ ದ್ವೀಪಗಳು
ಏಪ್ರಿಲ್ ೨೪, ಶುಕ್ರವಾರ

ಪ್ರೀತಿಯ ಬೈನಿರ್ ಅಣ್ಣಾ,

ಹೇಗಿದ್ದೀಯ? ಬೆನ್ನು ಹೇಗಿದೆ? ಹೊರಡುವ ದಿನ ಮೆಟ್ಟಿಲು ಇಳಿಯುವಾಗ ಸೊಂಟಕ್ಕೆ ಕೈ ಕೊಟ್ಟುಕೊಂಡು ಇಳಿದೆಯಲ್ಲ, ಯಾರೂ ನೋಡಲಿಲ್ಲ ಅಂದುಕೊಂಡಿರುತ್ತೀಯ. ಅಜ್ಜಿ ನೋಡಿದ್ದಾರೆ. ಅವತ್ತೇ ಉಣ್ಣೆಯ ಸೊಂಟಪಟ್ಟಿ ಹೆಣೆಯಲು ಕೂತರು, ಅದು ಈ ಪತ್ರದ ಜೊತೆಯಲ್ಲೇ ಇದೆ. ಉಳಿದ ನೂಲಿನಲ್ಲಿ ಹೆಣೆದದ್ದು, ಅದಕ್ಕೇ ಅರ್ಧ ಹಸಿರು ಅರ್ಧ ಕಂದು. ನಗಬೇಡ, ಹಾಕಿಕೋ. ಊಟ ಸರಿಯಾಗಿ ಮಾಡುತ್ತಿದ್ದೀಯ ತಾನೆ? ಬ್ಯಾರೆಂಟ್ಸ್ ಸಮುದ್ರದಲ್ಲಿ ಈ ಸಲ ಚಳಿ ಹೆಚ್ಚಂತೆ. ರೇಡಿಯೊದವರು ಅದನ್ನು ಹೇಳಿದಾಗಲೆಲ್ಲ ಅಜ್ಜಿ ತಿರುಗಿ ನನ್ನ ಮುಖ ನೋಡುತ್ತಾರೆ, ನಾನೇ ಅಲ್ಲಿಗೆ ಚಳಿ ಕಳಿಸಿದವಳ ಹಾಗೆ.

ಕ್ಯಾಪ್ಟನ್ ರೋಯಿಗೆ ಕಳಿಸಿದ ಒಂದು ಸಾಲು ನಿನಗೆ ತಲುಪಿದೆ ಅಂತ ನಂಬಿಕೊಂಡು ಬರೆಯುತ್ತಿದ್ದೇನೆ. 'ಬಂದರಿನಲ್ಲಿ ಮೊದಲು ಪತ್ರ, ಆಮೇಲೆ ಫೋನ್' ಅಂತ. ನಿಮ್ಮ ಹಡಗಿನ ನೆಟ್ ಹವಾಮಾನದ ವರದಿಗೆ, ಮೀನಿನ ವರದಿಗೆ ಮಾತ್ರ ಸಾಕಾಗುತ್ತದೆ, ಮನೆಯಿಂದ ಏನಾದರೂ ಬಂದರೆ ಕ್ಯಾಪ್ಟನ್ ಅದನ್ನು ಊಟದ ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದುತ್ತಾರೆ ಅಂತ ನೀನೇ ಹೇಳಿದ್ದೆ. ಅದಕ್ಕೇ ಅಷ್ಟು ಚಿಕ್ಕದಾಗಿ ಬರೆದೆ. ಅದನ್ನೂ ಓದಿರುತ್ತಾರೆ ಬಿಡು. "ಏನೋ ಬೈನಿರ್, ಹುಡುಗಿ ಮನಸ್ಸು ಬದಲಾಯಿಸಿದ್ಲೇನೋ?" ಅಂತ ಅಡುಗೆಯವನಿಂದ ಹಿಡಿದು ಎಂಜಿನ್ ಕೋಣೆಯವರೆಗೆ ಎಲ್ಲರೂ ನಿನ್ನ ಕಾಲೆಳೆದಿರುತ್ತಾರೆ. ಇಲ್ಲ, ಟೋರಾ ಮನಸ್ಸು ಬದಲಾಯಿಸಿಲ್ಲ. ಮದುವೆಯ ಉಡುಪಿನ ಬೆಳ್ಳಿ ಗುಂಡಿಗಳನ್ನು ಉಜ್ಜಿ ಉಜ್ಜಿ ಅವಳ ಬೆರಳು ಕಪ್ಪಾಗಿವೆ. ಜುಲೈನ ಮದುವೆಯಿಂದ ನಿನ್ನನ್ನು ಬಿಡುವ ಯೋಚನೆ ಅವಳಿಗಿಲ್ಲ.

ವಿಷಯ ಇಷ್ಟು: ನಿಮ್ಮ ಮದುವೆಗೆ ಬೇಕಾದ ಹಾಡು, ಅಜ್ಜನ ದನಿಯಲ್ಲಿರುವ ಆ ಹಾಡು, ಈಗ ಲೋಕದಲ್ಲಿ ಒಂದೇ ಕಡೆ ಉಳಿದಿದೆ. ಅದು ನಿನ್ನ ಜೇಬಿನಲ್ಲಿರುವ ಫೋನಿನಲ್ಲಿ. ಅದು ಅಳಿಸಿಹೋಗದ ಹಾಗೆ ನೋಡಿಕೊಳ್ಳಬೇಕು. ಹೇಗೆ ಅಂತ ಕೆಳಗೆ ಬರೆದಿದ್ದೇನೆ, ಅಲ್ಲಿಯವರೆಗೆ ಫೋನ್ ಮುಟ್ಟಬೇಡ, ಸಮಾಧಾನವಾಗಿ ಕೂತು ಓದು.

ಅಜ್ಜ ಚೆನ್ನಾಗಿದ್ದಾರೆ. ಟೋರ್ಷಾವ್ನ್‌ನ ಡಾಕ್ಟರು ಹೋದ ವಾರ ನೋಡಿ, ಆಪರೇಷನ್ ಆದ ಜಾಗ ಪೂರ್ತಿ ವಾಸಿಯಾಗಿದೆ ಅಂದರು. ದನಿ ಮಾತ್ರ ಇನ್ನು ಇಷ್ಟೇ ಅಂದರು, ಉಸಿರಿನಂಥ ಪಿಸುಮಾತು. ಅಜ್ಜ ಅದಕ್ಕೆ ತಲೆಯಾಡಿಸಿ ಟೋಪಿ ಹಾಕಿಕೊಂಡು ಎದ್ದರು, ಬಸ್ಸಿಗೆ ಹೊತ್ತಾಯಿತು ಅಂತ. ಮನೆಗೆ ಬಂದರೆ ಪಕ್ಕದ ಮನೆಯ ಟಗರು ನಮ್ಮ ಆಲೂಗಡ್ಡೆ ಪಾತಿಯಲ್ಲಿ ನಿಂತಿತ್ತು. ಅಜ್ಜ ಪಿಸುದನಿಯಲ್ಲೇ ಅದನ್ನು ಬೈದರು. ಅದು ಬಾಯಿ ಆಡಿಸುತ್ತಾ ಇವರನ್ನೇ ನೋಡಿತು. "ನೋಡೇ, ಇದೂ ನನಗೆ ಬೆಲೆ ಕೊಡೋದು ಬಿಟ್ಬಿಡ್ತು" ಅಂದರು. ನಕ್ಕರು ಅಣ್ಣಾ. ನಾನು ಅದನ್ನು ಬರೆಯಲೇಬೇಕು, ಆಪರೇಷನ್ ಆದಮೇಲೆ ಅವರು ಹಾಗೆ ನಕ್ಕಿದ್ದು ಅದೇ ಮೊದಲು.

ಈಗ ಕಥೆ. ಅಜ್ಜನ ನ್ಯೂಸ್‌ಲೆಟರ್ 'ದೋಣಿಯಡಿಯಿಂದ' ಇತ್ತಲ್ಲ, ಅದನ್ನು ಇಟ್ಟಿದ್ದ ಜಾಲತಾಣದವರು ಈ ತಿಂಗಳ ಕೊನೆಗೆ ಬಾಗಿಲು ಹಾಕುತ್ತೇವೆ, ಎಲ್ಲರೂ ಬೇರೆ ಕಡೆ ಹೋಗಿ ಅಂತ ಬರೆದರು. ಮರ್ಯಾದೆಯಿಂದಲೇ ಬರೆದಿದ್ದರು, ಸಾಕಷ್ಟು ದಿನವನ್ನೂ ಕೊಟ್ಟಿದ್ದರು. ನಾನು ಹೊಸದೊಂದು ತಾಣದಲ್ಲಿ ಜಾಗ ಮಾಡಿದೆ. ಹಳೆಯ ಕಡೆಯಿಂದ ಎಲ್ಲ ಪೋಸ್ಟುಗಳನ್ನೂ ಕಟ್ಟಿ ಒಂದು ಗಂಟಾಗಿ ಕೊಡುತ್ತಾರೆ, ಹೊಸ ಕಡೆ ಅದನ್ನು ಬಿಚ್ಚಿದರೆ ಆಯಿತು. ಬಿಚ್ಚಿದೆ. ಅಜ್ಜನ ಬರಹಗಳೆಲ್ಲ ತಾರೀಖಿನ ಸಮೇತ ಬಂದು ಕೂತವು. ಒಬ್ಬರು ಹಾಡು ಎತ್ತಿಕೊಂಡರೆ ಎಲ್ಲರೂ ಕೈ ಕೈ ಹಿಡಿದು ಕುಣಿಯುವ ನಮ್ಮ ಕುಣಿತದ ಹೆಜ್ಜೆ ಕಲಿಸುವ ವಿಡಿಯೊಗಳು ಬಂದವು. ಆಡಿಯೊ ಪೋಸ್ಟುಗಳನ್ನು ಒತ್ತಿ ನೋಡಿದೆ, ಅಜ್ಜ ಹಾಡಿದರು. ದೋಣಿಮನೆಯಲ್ಲಿ ಬೋರಲು ಹಾಕಿದ ದೋಣಿಯ ಕೆಳಗೆ ಕೂತು ಗಾಳಿ ಕೇಳಿಸದ ಹಾಗೆ ಸುತ್ತಲೂ ಕಂಬಳಿ ಇಳಿಬಿಟ್ಟುಕೊಂಡು ಹಾಡುತ್ತಿದ್ದರಲ್ಲ, ಅದೇ ದನಿ, ಹಿಂದೆ ಅಲೆಯ ಅದೇ ಗುಸುಗುಸು. ನನಗೆ ಎಷ್ಟು ಖುಷಿಯಾಯಿತೆಂದರೆ ಅಡುಗೆಮನೆಗೆ ಓಡಿ, "ಅಜ್ಜೀ, ಎಲ್ಲಾ ಬಂತು, ಒಂದೂ ಬಿಟ್ಟಿಲ್ಲ!" ಅಂತ ಕೂಗಿದೆ.

ನಮ್ಮ ಅಜ್ಜಿ ಎಂಥವರು ಅಂತ ನಿನಗೆ ಗೊತ್ತು. ಗುಡ್ಡದ ಕುರಿಗಳನ್ನು ಒಟ್ಟುಗೂಡಿಸುವ ಕಾಲದಲ್ಲಿ ಯಾರ ಗುಡಿಸಲಿನಲ್ಲಾದರೂ ಒಂದು ದಿನ ಉಳಿದರೆ ಸಾಕು, ಹೊರಡುವಾಗ ನೆಲ ಉಜ್ಜಿ, ಒಲೆಯ ಬೂದಿ ತೆಗೆದು, ತಮ್ಮ ಕೂದಲೆಳೆಯೂ ಅಲ್ಲಿ ಉಳಿಯದ ಹಾಗೆ ಮಾಡಿ ಬರುವವರು. ಈ ಊರಿನಲ್ಲಿ ಎಲ್ಲರೂ ಹಾಗೆಯೇ, ಅಜ್ಜಿ ಇನ್ನೂ ಒಂದು ಕೈ ಮೇಲೆ. ನಾನು ಕಾಲೇಜಿಗೆ ಹೋದಾಗ ಅಜ್ಜನ ಕಂಪ್ಯೂಟರಿನ ಮುಂದೆ ಕೂತು, ಹಳೆಯ ತಾಣದಲ್ಲಿ 'ನಿಮ್ಮ ಖಾತೆಯನ್ನೂ ಎಲ್ಲ ಕಡತಗಳನ್ನೂ ಅಳಿಸಿ' ಅನ್ನುವ ಗುಂಡಿ ಹುಡುಕಿ ಒತ್ತಿದ್ದಾರೆ. 'ನಿಜವಾಗಿಯೂ?' ಅಂತ ಅದು ಕೇಳಿದೆ. "ನಿಜವಾಗಿಯೂ ಅಂತ ಹೇಳ್ದೆ. ಬಾಗಿಲು ಹಾಕ್ತೀವಿ ಅಂತಿದಾರೆ ಪಾಪ, ನಮ್ಮ ಕಸ ಅವರ ಮನೇಲಿ ಯಾಕೆ ಬಿಡೋದು?" ಅಂದರು. ಕೊನೆಗೆ ಉಪಕಾರ ಆಯಿತು ಅಂತ ಅವರಿಗೆ ಒಂದು ಇಮೇಲ್ ಕೂಡ ಬರೆದಿದ್ದರು.

ಸಂಜೆ ಅಜ್ಜ ಒಂದು ಹಾಡು ಒತ್ತಿದರು. ಏನೂ ಇಲ್ಲ. ಇನ್ನೊಂದು ಒತ್ತಿದರು. ಏನೂ ಇಲ್ಲ. ಆಗ ಗೊತ್ತಾಯಿತು, ಆ ಗಂಟಿನಲ್ಲಿ ಬಂದದ್ದು ಬರಹ ಮಾತ್ರ. ಆಡಿಯೊ ಬಂದೇ ಇರಲಿಲ್ಲ, ಅದರ ವಿಳಾಸವಷ್ಟೇ ಬಂದಿತ್ತು. ಹೊಸ ತಾಣದಲ್ಲಿ ಒತ್ತಿದಾಗ ಅದು ಸದ್ದಿಲ್ಲದೆ ಹಳೆಯ ಕಡೆಗೆ ಹೋಗಿ ಅಲ್ಲಿಂದ ಹಾಡು ತಂದು ಕೇಳಿಸುತ್ತಿತ್ತು. ವಿಡಿಯೊಗಳನ್ನು ಮೊದಲಿನಿಂದಲೂ ಬೇರೊಂದು ವಿಡಿಯೊ ತಾಣದಲ್ಲಿ ಇಟ್ಟು ಇಲ್ಲಿ ಕೊಂಡಿ ಮಾತ್ರ ಹಾಕಿದ್ದರಿಂದ ಅವು ಬದುಕಿಕೊಂಡವು. ಆದರೆ ಅವುಗಳಲ್ಲಿ ಇರುವುದು ಅಜ್ಜನ ಕಾಲು, ಅಜ್ಜಿಯ ಎಣಿಕೆ: ಎಡಕ್ಕೆ ಎರಡು, ಹಿಂದಕ್ಕೆ ಒಂದು. ಕಾಲು ಉಳಿಯಿತು, ಗಂಟಲು ಹೋಯಿತು. ಅಜ್ಜ ನೇರವಾಗಿ ಆ ತಾಣದ ಆ್ಯಪಿನಲ್ಲೇ ಹಾಡಿ ಏರಿಸುತ್ತಿದ್ದದ್ದರಿಂದ ಅವರ ಫೋನಿನಲ್ಲಿ ಒಂದು ಪ್ರತಿಯೂ ಇರಲಿಲ್ಲ. ಹಳೆಯ ತಾಣದವರಿಗೆ ಬರೆದೆ. ಬೇಸರಪಟ್ಟುಕೊಂಡೇ ಉತ್ತರ ಕೊಟ್ಟರು, ಅಳಿಸಿದ್ದನ್ನು ತರಲು ಆಗುವುದಿಲ್ಲ ಅಂದರು.

ಅಜ್ಜಿ ಏಪ್ರನ್ ತೆಗೆದು ಕುರ್ಚಿಯ ಮೇಲಿಟ್ಟು ಸುಮ್ಮನೆ ಕೂತುಬಿಟ್ಟರು. ಅವರು ಕೆಲಸವಿಲ್ಲದೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಅಜ್ಜ ಅವರ ಪಕ್ಕ ಹೋಗಿ ಕೂತು, ಕಿವಿಯ ಹತ್ತಿರ ಏನೋ ಅಂದರು. ಏನು ಅಂತ ಆಮೇಲೆ ಅಜ್ಜಿಯೇ ಹೇಳಿದರು: "ಓಲುವಾ, ನಲವತ್ತು ವರ್ಷ ಬಾಯಿ ಮುಚ್ರೀ ಮುಚ್ರೀ ಅಂತಿದ್ದೆ, ಈಗ ಪೂರ್ತಿ ಸಾಧಿಸಿದೆ ನೋಡು." ಅಜ್ಜಿ ಅಳುತ್ತಲೇ ಅವರ ತೋಳಿಗೆ ಗುದ್ದಿದರು.

ನಾನು ಅಜ್ಜನ ನಂಬರ್ ಒನ್ ಅಭಿಮಾನಿ, ಅಷ್ಟಕ್ಕೇ ಬಿಡುತ್ತೇನಾ? ಹೊಸ ತಾಣದವರು ಬಳಕೆದಾರರಿಗೆಂದು ಇಟ್ಟಿರುವ ಚಾಟ್ ಗುಂಪಿನಲ್ಲಿ ಅಳುಮೋರೆಗಳ ಸಮೇತ ಉದ್ದಕ್ಕೆ ಬರೆದು ಹಾಕಿದೆ. ಆಲೆಂಡ್ ದ್ವೀಪದಲ್ಲಿ ಜೇನು ಸಾಕುವ, ಜೇನಿನ ಬಗ್ಗೆಯೇ ಆಡಿಯೊ ಪತ್ರ ನಡೆಸುವ ಸಿವ್ ಅನ್ನುವ ಹೆಂಗಸು ಮೊದಲು ಉತ್ತರ ಕೊಟ್ಟರು. "ಅಳೋದು ಆಮೇಲೆ, ಮೊದಲು ನಿನ್ನ ಓದುಗರನ್ನ ಕೇಳು. ಕೇಳುವ ಆ್ಯಪಿನಲ್ಲಿ ನಿಮ್ಮ ಹಾಡು ಇಳಿಸಿಕೊಂಡವರ ಫೋನಲ್ಲಿ ಅದು ಇನ್ನೂ ಇರುತ್ತೆ" ಅಂದರು. ಎಷ್ಟು ಸರಳ! ಬರಹ, ಇಮೇಲ್ ವಿಳಾಸ ಎಲ್ಲ ಹೊಸ ಕಡೆ ಬಂದಿತ್ತಲ್ಲ, ಅವತ್ತೇ ಎಲ್ಲರಿಗೂ ಬರೆದೆ: ಹೆರ್ಗೇಯರ್ ಅಜ್ಜನ ಹಾಡುಗಳು ಕಳೆದುಹೋಗಿವೆ, ದಯವಿಟ್ಟು ನಿಮ್ಮ ಫೋನಿನಲ್ಲಿ ಹುಡುಕಿ.

ಅಣ್ಣಾ, ಆಮೇಲೆ ಬಂದ ಉತ್ತರಗಳನ್ನು ಕೇಳು. ಕೋಪನ್‌ಹೇಗನ್ನಿನಲ್ಲಿ ನರ್ಸ್ ಆಗಿರುವ ನಮ್ಮೂರಿನ ಹುಡುಗಿಯೊಬ್ಬಳು, ಸೈಕಲ್ ಮೇಲೆ ಆಸ್ಪತ್ರೆಗೆ ಹೋಗುವಾಗ ಕೇಳುತ್ತಿದ್ದಳಂತೆ, ಫೋನ್ ತುಂಬಿ ಹೋದರೂ ಮಗುವಿನ ಫೋಟೋ ಅಳಿಸಿದಳೇ ಹೊರತು ಅಜ್ಜನನ್ನು ಅಳಿಸಲಿಲ್ಲವಂತೆ. ಶೆಟ್‌ಲೆಂಡಿನ ಮ್ಯಾಗ್ನಿ ಅನ್ನುವ ಮುದುಕರಿಗೆ ನಮ್ಮ ಭಾಷೆಯ ಒಂದು ಪದವೂ ಬರುವುದಿಲ್ಲ. ಕುರಿ ಮರಿ ಹಾಕುವ ಕಾಲದಲ್ಲಿ ಕೊಟ್ಟಿಗೆಯಲ್ಲಿ ಇವರ ಹಾಡು ಹಾಕಿದರೆ ಕುರಿಗಳು ಗಲಾಟೆ ಮಾಡುವುದಿಲ್ಲ ಅಂತ ಎಲ್ಲವನ್ನೂ ಇಳಿಸಿಟ್ಟಿದ್ದರು. ಅವರು ಇಂಟರ್ನೆಟ್ಟನ್ನು ನಂಬದೆ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ, ಹೆಂಡತಿ ಹೆಣೆದ ಕಾಲುಚೀಲದೊಳಗೆ ತುರುಕಿ ಅಂಚೆಯಲ್ಲಿ ಕಳಿಸಿದರು. ಅಜ್ಜಿ ಪೆನ್‌ಡ್ರೈವ್ ನನ್ನ ಕೈಗೆಸೆದು ಮೊದಲು ಕಾಲುಚೀಲದ ಹಿಮ್ಮಡಿ ತಿರುಗಿಸಿ ನೋಡಿದರು. "ಪರವಾಗಿಲ್ಲ, ಹೆಂಗಸಿಗೆ ಕೈ ಇದೆ" ಅಂದರು. ಅಜ್ಜಿಯ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಬಂದ ಕಡತಗಳಿಗೆ ತಲೆಬುಡ ಇರಲಿಲ್ಲ, ಬರೀ ಅಕ್ಷರ ಅಂಕಿಗಳ ಹೆಸರು. ಅಜ್ಜ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನನ್ನ ಪಕ್ಕ ಕೂತರು. ಹಾಡು ಶುರುವಾಗುವ ಮುಂಚೆ ಎಳೆದುಕೊಂಡ ಉಸಿರಿನಲ್ಲೇ ಇದು ಯಾವುದು ಅಂತ ಹೇಳಿಬಿಡುತ್ತಿದ್ದರು. ನಾನು ಒಂದೊಂದೇ ಪೋಸ್ಟ್ ತೆರೆದು, ಸತ್ತ ಕೊಂಡಿ ತೆಗೆದು, ಹಾಡನ್ನು ಹೊಸ ತಾಣಕ್ಕೇ ಏರಿಸಿ, ತಾರೀಖು ಹಳೆಯದೇ ಇದೆಯಾ ಅಂತ ನೋಡಿ ಮುಚ್ಚುತ್ತಾ ಹೋದೆ. ಓದುಗರಿಗೆ ಮತ್ತೆ ಇಮೇಲ್ ಹೋಗದ ಹಾಗೆ ಒಂದು ಗುರುತು ತೆಗೆಯಬೇಕು. ಒಂದು ಸಲ ಅದು ಉಳಿದು, ಕ್ರಿಸ್ಮಸ್ ಹಾಡು ಏಪ್ರಿಲ್‌ನಲ್ಲಿ ಎಲ್ಲರಿಗೂ ಹೋಯಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಅಜ್ಜನಿಗೆ ಹಬ್ಬದ ಶುಭಾಶಯಗಳ ಸುರಿಮಳೆಯೇ ಬಂತು. ಅಜ್ಜ ಮಾತ್ರ ಕೇಳುತ್ತಾ ಕೇಳುತ್ತಾ ಹುಬ್ಬು ಗಂಟಿಕ್ಕುತ್ತಿದ್ದರು. "ಇವನು ಯಾಕಿಷ್ಟು ಅವಸರ ಮಾಡ್ತಾನೆ? ಹಿಂದಿರೋರು ಹೆಜ್ಜೆ ಹಾಕೋದು ಬೇಡ್ವಾ?" ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಆದರೂ ಹೆಡ್‌ಫೋನ್ ಮಾತ್ರ ಬಿಚ್ಚಲಿಲ್ಲ, ಊಟಕ್ಕೆ ಕರೆದರೂ ಬಿಚ್ಚಲಿಲ್ಲ.

ಹೀಗೆ ಎಲ್ಲವೂ ಬಂತು, ಒಂದು ಬಿಟ್ಟು. ನಮ್ಮೂರ ಮದುವೆಯ ಹಾಡು. ಅದನ್ನು ಮದುವೆಯ ಕುಣಿತದಲ್ಲಿ ಬಿಟ್ಟು ಬೇರೆಲ್ಲೂ ಹಾಡಬಾರದು ಅಂತ ಅಜ್ಜ ಅದನ್ನು ಓದುಗರಿಗೆ ಕಳಿಸಿರಲೇ ಇಲ್ಲ. ಆಪರೇಷನ್ನಿನ ಹಿಂದಿನ ದಿನ ದೋಣಿಯಡಿ ಕೂತು ಹಾಡಿ, ಅದನ್ನು ನೀನು, ಟೋರಾ ಇಬ್ಬರೇ ಕೇಳುವ ಹಾಗೆ ಬೀಗ ಹಾಕಿ ಪೋಸ್ಟ್ ಮಾಡಿದ್ದರು. ಬೀಗದ ಕೈ ನನ್ನ ಹತ್ತಿರವೇ ಇತ್ತು, ಆದರೂ ನಾನು ಕೇಳಲಿಲ್ಲ, ಆ ಆಸೆ ತಡೆದುಕೊಂಡದ್ದಕ್ಕೆ ನನಗೆ ಒಂದು ಪದಕ ಕೊಡಬೇಕು. ಪದಗಳೇನೋ ಪುಸ್ತಕದಲ್ಲಿವೆ, ಪಲ್ಲವಿಯೂ ಊರಿಗೆಲ್ಲ ಬರುತ್ತದೆ. ಆದರೆ ಕುಣಿತ ನಡೆಸುವವರು ಪ್ರತಿ ನುಡಿಯನ್ನು ಎತ್ತಿಕೊಳ್ಳುವ ರಾಗ, ಎಲ್ಲಿ ತಡೆದು ಎಲ್ಲಿ ಬಿಡಬೇಕು ಅನ್ನುವುದು ಅಜ್ಜನೊಬ್ಬರಿಗೇ ಗೊತ್ತು, ಅವರ ಗಂಟಲು ಈಗ ಅದನ್ನು ಹೇಳಿಕೊಡದು. ಟೋರಾಳನ್ನು ಕೇಳಿದೆ. "ಅಯ್ಯೋ, ನಾನು ಬೇಕಾದಾಗ ಒತ್ತಿ ಕೇಳ್ತಿದ್ದೆ ಕಣೇ, ಇಳಿಸಿಕೊಳ್ಳಬೇಕು ಅಂತ ಹೊಳೀಲೇ ಇಲ್ಲ" ಅಂತ ಅತ್ತಳು. ಅವಳಿಗೆ ಮನೆಯಲ್ಲಿ ನೆಟ್ ಇದೆ, ಅವಳೇಕೆ ಇಳಿಸಿಕೊಳ್ಳುತ್ತಾಳೆ? ಸಮುದ್ರಕ್ಕೆ ಹೋಗುವವರು ಮಾತ್ರ ಹೊರಡುವ ಮುಂಚೆ ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ಫೋನಿಗೆ ಇಳಿಸಿಕೊಳ್ಳುತ್ತಾರೆ. ನೀನು ಚೀಲದ ಮೇಲೆ ಕೂತು, "ತಡೀರಿ, ಇನ್ನೊಂದು ಇಳೀತಾ ಇದೆ" ಅಂತ ಹಡಗನ್ನೇ ಕಾಯಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ನೆನೆದು ಅಜ್ಜಿ ದೇವರಿಗೆ ಕೈ ಮುಗಿದರು, ನಿನ್ನ ಹಟಕ್ಕೂ ಮುಗಿದರು.

ಇನ್ನು ಸರಿಯಾಗಿ ಓದು. ಕ್ಲಾಕ್ಸ್‌ವೀಕ್‌ನ ಬಸ್ ಡ್ರೈವರ್ ಹಾನುಸ್ ಅಣ್ಣನ ಫೋನಿನಲ್ಲಿ ಎಷ್ಟೋ ಹಾಡು ಇದ್ದವು. ಕಳಿಸಲೆಂದು ಆ್ಯಪ್ ತೆರೆದಿದ್ದಾರೆ (ನೀನು ಬಳಸುವುದೂ ಅದೇ ಆ್ಯಪ್, ಉಳಿದವರದು ಬೇರೆ), ನೆಟ್ ಹತ್ತಿದ ಕೂಡಲೇ ಅದು ಹಳೆಯ ತಾಣವನ್ನು ವಿಚಾರಿಸಿದೆ, ಅಲ್ಲಿ ಏನೂ ಇಲ್ಲ ಅಂತ ತಿಳಿದು ಇಲ್ಲಿರುವುದನ್ನೂ ಗುಡಿಸಿಹಾಕಿದೆ. "ರಾನ್ವಾ, ಕಣ್ಣೆದುರಿಗೇ ಒಂದೊಂದಾಗಿ ಮಾಯ ಆಗ್ತಿವೆ ಮಾರಾಯ್ತಿ, ನಾನೇನು ಮಾಡ್ಲಿ!" ಅಂತ ಫೋನಿನಲ್ಲೇ ಕೂಗಿದರು, ಹಿಂದೆ ಪ್ರಯಾಣಿಕರು ಅದು ಮಾಡಿ ಇದು ಮಾಡಿ ಅಂತ ಕೂಗುವುದೂ ಕೇಳಿಸುತ್ತಿತ್ತು. ಅದಕ್ಕೇ ಬಂದರಿನ ಏಜೆಂಟರಿಗೆ ಬರೆದು, ಈ ಲಕೋಟೆ ಕೈಗೆ ಕೊಡುವವರೆಗೂ ವೈಫೈ ಪಾಸ್‌ವರ್ಡ್ ಹೇಳಬೇಡಿ ಅಂತ ಕೇಳಿಕೊಂಡಿದ್ದೇನೆ. ಫೋನನ್ನು ಏರ್‌ಪ್ಲೇನ್ ಮೋಡಿನಲ್ಲೇ ಇಡು. ನಿಮ್ಮ ಅಡುಗೆಯವನ ಲ್ಯಾಪ್‌ಟಾಪಿಗೆ ವೈರಿನಿಂದ ಜೋಡಿಸು, ಹಾಡನ್ನು ಅದಕ್ಕೆ ಇಳಿಸು, ಅಲ್ಲಿ ಒಮ್ಮೆ ಒತ್ತಿ ನೋಡು, ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿಗೂ ಹಾಕು. ಸೊಂಟಪಟ್ಟಿಯ ಮಡಿಕೆಯಲ್ಲಿ ಒಂದು ಇಟ್ಟಿದ್ದೇನೆ, ಮ್ಯಾಗ್ನಿಯವರಿಂದ ಕಲಿತ ಬುದ್ಧಿ. ಆಮೇಲೆ ನೆಟ್ ಹಾಕಿಕೊಂಡು ಟೋರಾಳಿಗೆ ಫೋನ್ ಮಾಡು, ಹಾಡನ್ನು ನನಗೆ ಕಳಿಸು. ಮದುವೆಗೆ ಊರ ಸಭಾಂಗಣದಲ್ಲಿ ಎರಡು ದೊಡ್ಡ ಸ್ಪೀಕರ್ ಇಡುವ ಏರ್ಪಾಟು ಮಾಡಿದ್ದೇನೆ. ಅಜ್ಜನ ದನಿ ಗೋಡೆ ನಡುಗುವ ಹಾಗೆ ಬರುತ್ತದೆ, ನಾವೆಲ್ಲ ಕೈ ಹಿಡಿದು ಅದಕ್ಕೆ ಕುಣಿಯುವುದು. ಹೇಗಿದೆ ನನ್ನ ಪ್ಲಾನ್?

ನಿನಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು, ನೀನು ಏನೂ ಮಾಡದೆಯೇ ಅದನ್ನು ಉಳಿಸಿದ್ದೀಯ. ಸಿವ್‌ಗೆ, ಮ್ಯಾಗ್ನಿಯವರಿಗೆ, ಅತ್ತು ಕರೆದ ಹಾನುಸ್ ಅಣ್ಣನಿಗೂ ಮದುವೆಗೆ ಬನ್ನಿ ಅಂತ ಬರೆದಿದ್ದೇನೆ. ಬಂದರೆ ಎಲ್ಲಿ ಮಲಗಿಸುವುದು ಅಂತ ಅಜ್ಜಿ ಈಗಲೇ ಕಂಬಳಿ ಎಣಿಸುತ್ತಿದ್ದಾರೆ. ಅಜ್ಜಿ, ಅಜ್ಜ ಇಬ್ಬರೂ ನಿನಗೆ ಆಶೀರ್ವಾದ ಹೇಳಿದ್ದಾರೆ. ಟೋರಾ ಏನು ಹೇಳಿದಳೋ ಅದನ್ನು ನಾನು ಬರೆಯುವುದಿಲ್ಲ, ಕ್ಯಾಪ್ಟನ್ ಹಿಂದಿನಿಂದ ಇಣುಕುತ್ತಿರಬಹುದು. ಡೆಕ್ಕಿನ ಮೇಲೆ ಹುಷಾರಾಗಿ ಕಾಲಿಡು, ಬೇಗ ಬಾ.

ನಿನ್ನ ಮುದ್ದಿನ ತಂಗಿ, ಅಜ್ಜನ ಹಾಡುಗಳ ಕಾವಲುಗಾರ್ತಿ,
ರಾನ್ವಾ

ವಿ.ಸೂ.: ಅಂಚೆಯ ವ್ಯಾನು ಮೇಲಿನ ತಿರುವಿನಲ್ಲಿ ಕಾಣಿಸುತ್ತಿದೆ, ಬೇಗ ಬೇಗ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಮುಂಚೆ ಅಜ್ಜ ಪತ್ರ ಇಸಿದುಕೊಂಡು ಓದಿದರು. ಸ್ಪೀಕರಿನ ಸಾಲಿಗೆ ಬಂದು ನಿಂತುಬಿಟ್ಟರು. "ಪೆಟ್ಟಿಗೆ ಹಾಡಿದ್ರೆ ಜನ ಯಾರ ಕೈ ಹಿಡ್ಕೊಂಡು ಕುಣೀಬೇಕು?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, "ಅದನ್ನ ಅವನಿಗೆ ಕಳ್ಸಿದ್ದು ಜೋಪಾನ ಮಾಡೋಕಲ್ಲ, ಕಲಿಯೋಕೆ. ಒಂದ್ಸಲನಾದ್ರೂ ಕೇಳಿದಾನಾ ಅಂತ ಕೇಳು" ಅಂದರು. ಮದುಮಗನೇ ಹಾಡು ಎತ್ತಿಕೊಳ್ಳುವುದುಂಟಾ ಅಜ್ಜಾ ಅಂದೆ. "ಇನ್ಮೇಲೆ ಉಂಟು" ಅಂದರು. ಸಮುದ್ರದಲ್ಲಿ ಹಾಡಿದ್ದು ಊರಿನ ಕಟ್ಟಳೆಗೆ ಸೇರುವುದಿಲ್ಲ ಅಂತ ಅಜ್ಜಿ ಆಗಲೇ ತೀರ್ಪು ಕೊಟ್ಟಾಯಿತು. ಆದ್ದರಿಂದ ಹಾಡು ನನಗೆ ಕಳಿಸಬೇಡ, ಬೇರೆ ಕಡೆ ಎರಡು ಪ್ರತಿ ಇಟ್ಟುಕೊಂಡು ದಾರಿಯುದ್ದಕ್ಕೂ ನೀನು ಕಲಿ, ಯಾರು ನಕ್ಕರೂ ಬಿಡಬೇಡ. ಸ್ಪೀಕರ್ ಬೇಡ ಅಂತ ಈಗಲೇ ಹೇಳಿಬಿಡುತ್ತೇನೆ. ಕುಣಿತದಲ್ಲಿ ನಿನ್ನ ಎಡಕ್ಕೆ ಟೋರಾ, ಬಲಕ್ಕೆ ಅಜ್ಜ. ಎಲ್ಲಿ ತಡೆಯಬೇಕೋ ಅಲ್ಲಿ ಒಂದು ಸಲ, ಎಲ್ಲಿ ಬಿಡಬೇಕೋ ಅಲ್ಲಿ ಎರಡು ಸಲ ಕೈ ಅದುಮುತ್ತಾರಂತೆ. ಈಗ ನನ್ನ ಕೈ ಹಿಡಿದು ಅದುಮಿ ತೋರಿಸಿದರು, ಪೆನ್ನು ಹಿಡಿಯಲು ಆಗುತ್ತಿಲ್ಲ, ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ. ನಿನ್ನ ಹೊಸ ಮದುವೆಯುಂಗುರದ ಬೆರಳೂ ಅದೇ ಬಲಗೈಯಲ್ಲಿರುತ್ತದೆ. ತುಂಬಾ ನೋಯುತ್ತದೆ ಅಣ್ಣಾ, ಈಗಲೇ ಹೇಳಿದ್ದೇನೆ.